ಕೆಳದವಡೆಗೆ ನಾಲ್ಕು ಇಂಪ್ಲಾಂಟ್, ಇವತ್ತು 11ನೇ ದಿನ. ನೋವಿಲ್ಲ, ಆದರೆ ಟಕ್ ಟಕ್ ಅನ್ನುತ್ತಿದೆ

ಜಡಿಮಳೆ · ಸೋಮವಾರ, ಸಂಜೆ 6.40
ಎಲ್ಲರಿಗೂ ನಮಸ್ಕಾರ. ಹಲ್ಲಿನ ವಿಷಯದಲ್ಲಿ ಇಲ್ಲಿ ಯಾರಾದರೂ ಅನುಭವಸ್ಥರು ಇದ್ದಾರಾ?

ನನಗೆ 62. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಸಾಗರದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ಮೇಲಿನ ಹಲ್ಲು ಒಂದೆರಡು ಬಿಟ್ಟರೆ ಗಟ್ಟಿ ಇವೆ. ಕೆಳಗಿನವು ಮಾತ್ರ ಒಂದೊಂದೇ ಹೋಗಿ ಕೊನೆಗೆ ಆರು ಉಳಿದಿದ್ದವು, ಅವೂ ಅಲ್ಲಾಡುತ್ತಿದ್ದವು. ತೆಗೆದು ಹಾಕುವ ಸೆಟ್ಟಿನಲ್ಲಿ ಐದಾರು ವರ್ಷ ತಳ್ಳಿದೆ. ಮಾತಾಡುವಾಗ ಎದ್ದು ಬರುತ್ತಿತ್ತು. ಒಂದು ಮದುವೆ ಮನೆಯಲ್ಲಿ ಬಾಳೆಲೆಗೇ ಬಿತ್ತು. ಆಮೇಲೆ ಮಗಳು ಬಿಡಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆ ಆರನ್ನೂ ಕೀಳಿಸಿ, ದವಡೆಗೆ ನಾಲ್ಕು ಇಂಪ್ಲಾಂಟ್, ಅಂದರೆ ಎಲುಬಿನೊಳಗೆ ಕೂರಿಸುವ ಲೋಹದ ಬೇರು, ಹಾಕಿಸಿದಳು. ಮಾರನೇ ದಿನವೇ ಅವುಗಳ ಮೇಲೆ ತಾತ್ಕಾಲಿಕ ಹಲ್ಲಿನ ಸಾಲು ಕೂರಿಸಿ ಸ್ಕ್ರೂ ಬಿಗಿದರು. ಹನ್ನೆರಡೇ ಹಲ್ಲು, ತೀರಾ ಹಿಂದಿನ ದೊಡ್ಡ ದವಡೆ ಹಲ್ಲು ಇಲ್ಲ.

ಎರಡನೇ ದಿನದ ರಾತ್ರಿ ಕಷ್ಟ ಆಯಿತು. ಮೂರನೇ ದಿನ ಕನ್ನಡಿ ನೋಡಿದರೆ ಮುಖ ಚೌತಿ ಕಡುಬಿನ ಹಾಗೆ ಊದಿತ್ತು. ಗದ್ದದಿಂದ ಕುತ್ತಿಗೆಯವರೆಗೆ ನೇರಳೆ ಬಣ್ಣ, ಆಮೇಲೆ ಅದೇ ಹಳದಿಗೆ ತಿರುಗಿತು. ಏಳನೇ ದಿನಕ್ಕೆ ಊತ ಇಳಿಯಿತು, ನೋವಿನ ಮಾತ್ರೆ ಬಿಟ್ಟೆ.

ಈಗ ಸಮಸ್ಯೆ ಏನಪ್ಪಾ ಅಂದರೆ, ಎಡಗಡೆ ಅಗಿಯುವಾಗ ಟಕ್ ಟಕ್ ಅಂತ ಸಣ್ಣ ಸದ್ದು ಬರುತ್ತಿದೆ. ಎರಡು ದಿನದಿಂದ. ನೋವು ಇಲ್ಲವೇ ಇಲ್ಲ. ನಮ್ಮನೆಯವಳು ಡಾಕ್ಟರಿಗೆ ಫೋನ್ ಮಾಡಿ ಅನ್ನುತ್ತಾಳೆ. ನೋವಿಲ್ಲದೆ ಸುಮ್ನೆ ಯಾಕೆ ಅಂತ ನಾನು. ಇನ್ನೊಂದು, ಸಾರಿಗೆ ಇವಳು ಉಪ್ಪೇ ಹಾಕುತ್ತಿಲ್ಲ ಅಂತ ದಿನಾ ಜಗಳ ಆಗುತ್ತಿದೆ. ಅವಳು ಹಾಕಿದ್ದೇನೆ ಅನ್ನುತ್ತಾಳೆ. ಆರು ವಾರಕ್ಕೆ ಮಗಳ ಹೊಸ ಮನೆ ಗೃಹಪ್ರವೇಶ ಇದೆ, ಅಷ್ಟರಲ್ಲಿ ಮಾಮೂಲಿ ಊಟ ಮಾಡಬಹುದಾ?

ರೊಟ್ಟಿ ಬುತ್ತಿ · ಸೋಮವಾರ, ರಾತ್ರಿ 7.05
ಫೋನ್ ಮಾಡ್ರಿ ಸರ್. ಮೊದಲು ಫೋನ್, ಆಮೇಲೆ ಇಲ್ಲಿ ಚರ್ಚೆ.

ಮಂಡ್ಯ ಮುದ್ದೆ · ಸೋಮವಾರ, ರಾತ್ರಿ 7.12
ಊಟದ ಚಿಂತೆ ಯಾಕೆ ಸರ್? ನಮ್ಮ ಕಡೆ ಬನ್ನಿ. ಮುದ್ದೆಗೆ ಹಲ್ಲೇ ಬೇಡ, ಸಾರಲ್ಲಿ ಅದ್ದಿ ನುಂಗಿದರೆ ಮುಗಿಯಿತು. ಅಗಿದರೆ ನಮ್ಮಲ್ಲಿ ನಗುತ್ತಾರೆ.

ಗಂಜಿ ಗಿರಾಕಿ · ಸೋಮವಾರ, ರಾತ್ರಿ 7.20
ಕುಚ್ಚಲಕ್ಕಿ ಗಂಜಿ ಇರುವಾಗ ಮುದ್ದೆ ಯಾಕೆ ಮಾರಾಯ್ರೇ? ನನ್ನ ಅಮ್ಮನಿಗೆ ಮೇಲಿನ ದವಡೆಗೆ ಮಾಡಿಸಿದಾಗ ಮೊದಲ ವಾರ ಗಂಜಿ ತೆಳಿ, ಎರಡನೇ ವಾರ ಗಂಜಿಯನ್ನೇ ಮಿಕ್ಸಿಗೆ ಹಾಕಿದ್ದು. ತಣಿಸಿ ಕೊಡಬೇಕು, ಬಿಸಿ ಬಿಸಿ ಅಲ್ಲ. ಉಪ್ಪಿನಕಾಯಿ ಮಾತ್ರ ಮುಟ್ಟಬೇಡಿ, ಗಾಯಕ್ಕೆ ತಾಗಿದರೆ ನಕ್ಷತ್ರ ಕಾಣುತ್ತದೆ.

ಎಂಜಲು ಎಂಜಿನಿಯರ್ · ಸೋಮವಾರ, ರಾತ್ರಿ 7.48
ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ನನ್ನ ಸೋದರಮಾವ ಇಂಪ್ಲಾಂಟ್ ಹಾಕಿಸಿಕೊಂಡ ಹತ್ತನೇ ದಿನ ಚಕ್ಕುಲಿ ತಿಂದರು. ನಾನೇ ನೋಡಿದ್ದೇನೆ. ‘ಮೂರೇ ದಿನದಲ್ಲಿ ಫಿಕ್ಸೆಡ್ ಹಲ್ಲು’ ಅಂತ ಬೋರ್ಡ್ ಹಾಕಿರುವುದು ಯಾರೂ ನೋಡಿಲ್ವಾ? ಟೈಟಾನಿಯಂ ರೀ ಅದು, ವಿಮಾನಕ್ಕೆ ಹಾಕುವ ಲೋಹ. ಚಕ್ಕುಲಿಗೆ ಮುರಿಯುತ್ತಾ?

ದಂತಕಥೆ · ಸೋಮವಾರ, ರಾತ್ರಿ 9.15
ಕ್ಲಿನಿಕ್ ಮುಚ್ಚಿ ಈಗ ಬಂದೆ. ನಾನು ಹಲ್ಲಿನ ಡಾಕ್ಟರ್, ಮೈಸೂರು. ಬಾಯಿ ನೋಡದೆ ಇದೇ ಅಂತ ಹೇಳಲು ಆಗುವುದಿಲ್ಲ, ಆದರೆ ಜಡಿಮಳೆ ಸರ್, ಟಕ್ ಟಕ್ ಅನ್ನುವುದನ್ನು ನಾಳೆಗೆ ದೂಡಬೇಡಿ.

ಎಂಜಿನಿಯರ್ ಅವರೇ, ಟೈಟಾನಿಯಂ ಮುರಿಯುವುದಿಲ್ಲ ಸರಿ. ಪ್ರಶ್ನೆ ಇರುವುದು ಲೋಹದ್ದಲ್ಲ, ಎಲುಬಿನದ್ದು. ಮೊದಲ ದಿನ ಇಂಪ್ಲಾಂಟ್ ನಿಲ್ಲುವುದು ಮರಕ್ಕೆ ಸ್ಕ್ರೂ ಹೊಡೆದ ಹಾಗೆ, ಬರೀ ಬಿಗಿತದ ಮೇಲೆ. ಆಮೇಲೆ ಎಲುಬು ತನ್ನ ಕೆಲಸ ಶುರು ಮಾಡುತ್ತದೆ. ಸುತ್ತಲಿನ ಪೆಟ್ಟಾದ ಹಳೇ ಎಲುಬನ್ನು ಕರಗಿಸಿಕೊಂಡು ಹೊಸದನ್ನು ಕಟ್ಟುತ್ತದೆ. ಹಳೆಯದು ಕರಗಿ ಹೊಸದು ಇನ್ನೂ ಗಟ್ಟಿಯಾಗದ ಒಂದು ಸಮಯ ಇದೆ, ಸುಮಾರು ಎರಡರಿಂದ ನಾಲ್ಕನೇ ವಾರ. ಆಗ ಹಿಡಿತ ಮೊದಲ ದಿನಕ್ಕಿಂತ ಕಮ್ಮಿ ಇರುತ್ತದೆ. ಊತ ಇಳಿದು, ನೋವು ಹೋಗಿ, ಪೇಷೆಂಟಿಗೆ ‘ಎಲ್ಲ ಸರಿ ಹೋಯ್ತು’ ಅನ್ನಿಸುವುದೂ ಸರಿಯಾಗಿ ಆಗಲೇ. ಒಸಡಿನ ಗಾಯ ಒಣಗಿದ್ದು ಗೊತ್ತಾಗುತ್ತದೆ. ಒಳಗೆ ಎಲುಬು ಕೂತಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಕೆಳದವಡೆಗೆ ಮೂರು ನಾಲ್ಕು ತಿಂಗಳು ಬೇಕು, ಮೇಲಿನದಕ್ಕೆ ಇನ್ನೂ ಜಾಸ್ತಿ, ಅಲ್ಲಿ ಎಲುಬು ಮೆತ್ತಗೆ.

ಮೂರು ದಿನದ ಬೋರ್ಡ್ ಬಗ್ಗೆ ಹೇಳುವುದಾದರೆ, ಅಲ್ಲಿ ಹೆಚ್ಚಾಗಿ ಹಾಕುವುದು ಬೇಸಲ್ ಇಂಪ್ಲಾಂಟ್. ಅದು ಬೇರೆ ಜಾತಿ, ಎಲುಬಿನ ಗಟ್ಟಿ ಪದರಕ್ಕೆ ಕಚ್ಚಿ ನಿಲ್ಲಿಸುವುದು. ನಿಮ್ಮ ಮಾವನಿಗೆ ಯಾವುದು ಹಾಕಿದ್ದರೋ ಗೊತ್ತಿಲ್ಲದೆ ಅವರ ಚಕ್ಕುಲಿಯನ್ನು ಇವರ ಬಾಯಿಗೆ ಹಾಕಬೇಡಿ.

ಉಪ್ಪಿನ ಜಗಳಕ್ಕೆ ಕಾರಣ ಬಹುಶಃ ನಿಮ್ಮ ಬಾಯಿ ಮುಕ್ಕಳಿಸುವ ಔಷಧಿ. ಕ್ಲೋರ್‌ಹೆಕ್ಸಿಡಿನ್ ಕೊಟ್ಟಿದ್ದಾರಾ ನೋಡಿ. ಅದು ಕೆಲವು ದಿನ ಉಪ್ಪಿನ ರುಚಿ ಗೊತ್ತಾಗದ ಹಾಗೆ ಮಾಡುತ್ತದೆ. ಮೇಲಿನ ಹಲ್ಲಿಗೆ ಕಂದು ಕಲೆಯೂ ಹಿಡಿಯಬಹುದು, ಅದನ್ನು ಆಮೇಲೆ ಕ್ಲೀನ್ ಮಾಡಬಹುದು. ಮೇಡಂ ಉಪ್ಪು ಸರಿಯಾಗೇ ಹಾಕಿರುತ್ತಾರೆ.

ಜಡಿಮಳೆ · ಸೋಮವಾರ, ರಾತ್ರಿ 9.40
ಡಾಕ್ಟ್ರೇ, ಬಾಟಲಿ ನೋಡಿದೆ. ಅದೇ ಹೆಸರು, 0.2 ಶೇಕಡ ಅಂತ ಬರೆದಿದೆ. ಹತ್ತು ದಿನದಿಂದ ಸಾರಿಗೆ ಮೇಲಿಂದ ಉಪ್ಪು ಹಾಕಿಕೊಂಡು ತಿಂದಿದ್ದೇನೆ, ಬಿಪಿ ಮಾತ್ರೆ ಬೇರೆ ನುಂಗುವವನು. ನಿಮ್ಮ ಉತ್ತರವನ್ನು ಇವಳಿಗೆ ಓದಿ ಹೇಳಿದೆ. ಒಳಗೆ ಪಾತ್ರೆ ಸದ್ದು ಜೋರಾಗಿದೆ.

ನಿದ್ದೆಗಣ್ಣು · ಸೋಮವಾರ, ರಾತ್ರಿ 9.44
ಅದು ಟಕ್ ಟಕ್ ಅಲ್ಲ ಸರ್, ಧಡ್ ಧಡ್.

ರೊಟ್ಟಿ ಬುತ್ತಿ · ಸೋಮವಾರ, ರಾತ್ರಿ 10.02
ನನ್ನ ಕಥೆ ಹೇಳುತ್ತೇನೆ, ಉಪಯೋಗ ಆಗಬಹುದು. ನಾನು ಧಾರವಾಡದವಳು, 58. ಎರಡು ವರ್ಷದ ಹಿಂದೆ ಮೇಲಿನ ದವಡೆಗೆ ಮಾಡಿಸಿದೆ. ಎಲುಬು ಕಮ್ಮಿ ಇದೆ ಅಂತ ಸೈನಸ್ (ಮೂಗಿನ ಪಕ್ಕದ ಗಾಳಿ ಗೂಡು) ಕೆಳಗೆ ಎಲುಬಿನ ಪುಡಿ ತುಂಬಿ ಆಮೇಲೆ ಇಂಪ್ಲಾಂಟ್ ಹಾಕಿದರು. ನನಗೆ ಮಾರನೇ ದಿನ ಹಲ್ಲು ಅಂತೇನೂ ಇಲ್ಲ. ಆರು ತಿಂಗಳು ಕಾಯಿಸಿದರು. ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ತಡೆಯಬಾರದು ಅಂತ ಹೇಳಿದ್ದರು. ನಮ್ಮ ನಸೀಬು, ಐದನೇ ದಿನ ಪಕ್ಕದ ಮನೆಯವರು ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಶುರು ಮಾಡಿದರು! ಬಾಯಿ ಕಳೆದು ಸೀನಿದ್ದೇ ಸೀನಿದ್ದು. ಕಿಟಕಿ ಎಲ್ಲ ಮುಚ್ಚಿ ಒದ್ದೆ ಟವೆಲ್ ಕಟ್ಟಿಕೊಂಡು ಕೂತೆ.

ಇನ್ನೊಂದು ಯಾರೂ ಹೇಳದ ಮಾತು. ಒಗ್ಗರಣೆ ಸಾಸಿವೆ. ಮೊಸರನ್ನ ಮೆತ್ತಗಿದೆ ಅಂತ ತಿಂದೆ, ಅದರಲ್ಲಿದ್ದ ಒಂದು ಸಾಸಿವೆ ಹೊಲಿಗೆ ಸಂದಿಗೆ ಹೋಗಿ ಕೂತಿತು. ಎರಡು ದಿನ ಅಲ್ಲೇ ಕಿರಿಕಿರಿ, ಮೂರನೇ ದಿನ ಊತ. ಡಾಕ್ಟರ್ ಸಿರಿಂಜಿನಲ್ಲಿ ಸಲೈನ್ ನೀರು ಬಿಟ್ಟು ತೊಳೆದರು, ಕಪ್ಪಗೆ ಉರುಳಿ ಹೊರಗೆ ಬಂತು. ಒಂದೇ ಒಂದು ಸಾಸಿವೆ! ಅವತ್ತಿನಿಂದ ಹೊಲಿಗೆ ಬಿಚ್ಚುವವರೆಗೆ ನಮ್ಮ ಮನೆಯಲ್ಲಿ ಒಗ್ಗರಣೆಯೇ ಇಲ್ಲ. ಎಳ್ಳು, ಗಸಗಸೆ, ಸೀಬೆಹಣ್ಣಿನ ಬೀಜ, ಟೊಮೆಟೊ ಬೀಜ ಎಲ್ಲ ಅದೇ ಲೆಕ್ಕ. ಉಪ್ಪಿಟ್ಟಿನ ರವೆಯೂ ಹಾಗೇ.

ಗಂಜಿ ಗಿರಾಕಿ · ಸೋಮವಾರ, ರಾತ್ರಿ 10.10
ಅಕ್ಕಾ, ರೊಟ್ಟಿ ಬಿಟ್ಟು ಆರು ತಿಂಗಳು ಹೇಗೆ ಇದ್ದಿರಿ?

ರೊಟ್ಟಿ ಬುತ್ತಿ · ಸೋಮವಾರ, ರಾತ್ರಿ 10.16
ಬಿಟ್ಟಿದ್ದು ಎಲ್ಲಿ ತಮ್ಮಾ? ಒಂದೂವರೆ ತಿಂಗಳು ಆದ ಮೇಲೆ ಬಿಸಿ ಜೋಳದ ರೊಟ್ಟಿಯ ಮೇಲ್ಪದರ ತೆಗೆದು, ಒಳಗಿನ ಮೆತ್ತನೆಯದನ್ನು ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ ತಿಂದೆ. ಡಾಕ್ಟರನ್ನು ಕೇಳಿಯೇ. ಕಟಕ ರೊಟ್ಟಿ ಮಾತ್ರ ಹಲ್ಲು ಪೂರ್ತಿ ಬಂದ ಮೇಲೆ.

ಕ್ವಿಜ್ ಮೇಷ್ಟ್ರು · ಸೋಮವಾರ, ರಾತ್ರಿ 11.20
ಇಷ್ಟು ಹೊತ್ತಾದರೂ ಕಡಲೆ ಗಾದೆ ಯಾರೂ ಹೇಳಿಲ್ವಲ್ಲ, ಆಶ್ಚರ್ಯ. ನಾನೂ ಹೇಳುವುದಿಲ್ಲ.

ಬದಲಿಗೆ ಒಂದು ಕಥೆ. ಈ ಟೈಟಾನಿಯಂ ಎಲುಬಿಗೆ ಕಚ್ಚಿಕೊಳ್ಳುತ್ತದೆ ಅಂತ ಗೊತ್ತಾಗಿದ್ದು ಹಲ್ಲಿನವರಿಂದ ಅಲ್ಲ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅನ್ನುವವರು 1950ರ ದಶಕದ ಶುರುವಿನಲ್ಲಿ ಮೊಲದ ಕಾಲಿನ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಒಳಗೆ ನೋಡಲು ಅದಕ್ಕೆ ಟೈಟಾನಿಯಂನ ಒಂದು ಸಣ್ಣ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಹಿಡಿದುಕೊಂಡು ಬಿಟ್ಟಿತ್ತು. ಬೇರೆಯವರಾಗಿದ್ದರೆ ದುಬಾರಿ ಸಾಮಾನು ಹಾಳಾಯಿತು ಅಂತ ಬೈದುಕೊಳ್ಳುತ್ತಿದ್ದರು. ಇವರು ಅದನ್ನೇ ಹಿಡಿದು ಹೊರಟರು. 1965ರಲ್ಲಿ ಮೊದಲ ಸಲ ಒಬ್ಬ ಮನುಷ್ಯನ ದವಡೆಗೆ ಹಾಕಿದರು. ಆ ರೋಗಿ ಸುಮಾರು 40 ವರ್ಷ, ಸಾಯುವವರೆಗೂ, ಅದೇ ಇಂಪ್ಲಾಂಟ್‌ಗಳಲ್ಲಿ ಉಂಡರು. ನಾಲ್ಕರ ಮೇಲೆ ಇಡೀ ಸಾಲು ನಿಲ್ಲಿಸುವ ಪದ್ಧತಿಯನ್ನು 1990ರ ದಶಕದ ಕೊನೆಗೆ ಹೆಸರಿಗೆ ತಂದವರು ಪೋರ್ಚುಗಲ್ಲಿನ ಪಾವ್ಲೋ ಮಾಲೋ. ಹಿಂದಿನ ಎರಡನ್ನು ಓರೆಯಾಗಿ ಹಾಕುವುದು ಅವರ ಉಪಾಯ.

ನಿದ್ದೆಗಣ್ಣು · ಸೋಮವಾರ, ರಾತ್ರಿ 11.31
ಮೊಲ ಏನಾಯಿತು ಮೇಷ್ಟ್ರೇ?

ಎಂಜಲು ಎಂಜಿನಿಯರ್ · ಮಂಗಳವಾರ, ಬೆಳಗ್ಗೆ 7.30
ಡಾಕ್ಟ್ರೇ, ಒಂದು ಮಾತು. ಅಷ್ಟೊಂದು ಸೂಕ್ಷ್ಮ ಅಂದಮೇಲೆ ಮಾರನೇ ದಿನವೇ ಹಲ್ಲು ಯಾಕೆ ಕೂರಿಸುತ್ತಾರೆ? ತಿನ್ನಬಾರದು ಅನ್ನುವುದಾದರೆ ಹಲ್ಲು ಯಾಕೆ, ಫೋಟೋಗಾ?

ದಂತಕಥೆ · ಮಂಗಳವಾರ, ಬೆಳಗ್ಗೆ 8.10
ಒಳ್ಳೆ ಪ್ರಶ್ನೆ, ನಿಜವಾಗಿಯೂ. ಒಂದು, ಹಲ್ಲಿಲ್ಲದೆ ಮೂರು ತಿಂಗಳು ಮನೆಯಿಂದ ಹೊರಗೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಎರಡು, ಆ ಸಾಲು ನಾಲ್ಕೂ ಇಂಪ್ಲಾಂಟ್‌ಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುತ್ತದೆ. ಬೇಲಿಯಲ್ಲಿ ಒಂಟಿ ಗೂಟ ಅಲ್ಲಾಡುತ್ತದೆ, ನಾಲ್ಕಕ್ಕೆ ಅಡ್ಡ ದೆಬ್ಬೆ ಬಿಗಿದರೆ ನಿಲ್ಲುತ್ತದಲ್ಲ, ಹಾಗೆ. ಅದಕ್ಕೇ ಟಕ್ ಟಕ್ ಬಗ್ಗೆ ನನಗೆ ಚಿಂತೆ. ಒಂದು ಸ್ಕ್ರೂ ಸಡಿಲ ಆದರೆ ಅಥವಾ ಸಾಲಿನಲ್ಲಿ ಬಿರುಕು ಬಿಟ್ಟರೆ ಅಡ್ಡ ದೆಬ್ಬೆ ಬಿಚ್ಚಿದ ಹಾಗೆ. ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ, ಅದೂ ಹಿಡಿತ ಕಮ್ಮಿ ಇರುವ ವಾರದಲ್ಲಿ.

ಜಡಿಮಳೆ ಸರ್, ಒಂದು ಕೇಳಲಾ? ಈ ಸದ್ದು ಶುರುವಾಗುವ ಮುಂಚೆ ಏನಾದರೂ ಗಟ್ಟಿ ತಿಂದಿದ್ದೀರಾ?

ಜಡಿಮಳೆ · ಮಂಗಳವಾರ, ಬೆಳಗ್ಗೆ 8.55
ಇಲ್ಲ.

ಜಡಿಮಳೆ · ಮಂಗಳವಾರ, ಬೆಳಗ್ಗೆ 9.20
ಹಲಸಿನ ಹಪ್ಪಳ. ಎಂಟನೇ ದಿನ. ಧೋ ಅಂತ ಮಳೆ, ಪಕ್ಕದ ಮನೆಯಿಂದ ಸುಟ್ಟು ಕಳಿಸಿದ್ದರು, ಜೊತೆಗೆ ಕಾಯಿ ಚೂರು. ಕಾಯಿ ಮುಟ್ಟಲಿಲ್ಲ, ದೇವರಾಣೆ. ಹಪ್ಪಳವನ್ನೂ ಅಗಿಯಲಿಲ್ಲ, ಬಾಯಲ್ಲಿ ಇಟ್ಟುಕೊಂಡು ಕರಗಿಸೋಣ ಅಂತ ಇದ್ದೆ. ಅರ್ಧ ಕರಗಿತು, ಇನ್ನರ್ಧ ಅಭ್ಯಾಸ ಬಲ. ಎರಡು ಹಪ್ಪಳ.

ರೊಟ್ಟಿ ಬುತ್ತಿ · ಮಂಗಳವಾರ, ಬೆಳಗ್ಗೆ 9.24
ಎರಡಾ!

ಮಂಡ್ಯ ಮುದ್ದೆ · ಮಂಗಳವಾರ, ಬೆಳಗ್ಗೆ 9.30
ಸತ್ಯ ಹೊರಗೆ ಬಂತು. ಮುದ್ದೆ ತಿನ್ನಿ ಅಂದರೆ ಕೇಳಲಿಲ್ಲ.

ಕಡಲಾಚೆ ಕನ್ನಡತಿ · ಮಂಗಳವಾರ, ಬೆಳಗ್ಗೆ 10.05
ನಾನು ನ್ಯೂಜೆರ್ಸಿಯಿಂದ, ಇಲ್ಲಿ ರಾತ್ರಿ. ನಮ್ಮವರಿಗೆ ಇಲ್ಲಿ ಒಂದು ದವಡೆಗೆ 26 ಸಾವಿರ ಡಾಲರ್ ಹೇಳಿದರು. ಅಷ್ಟು ದುಡ್ಡಿಗೆ ಊರಿಗೇ ಹೋಗಿ ಬರೋಣ ಅಂತ ಬೆಂಗಳೂರಿನಲ್ಲಿ ಮಾಡಿಸಿ, ಮೂರು ವಾರ ಇದ್ದು ತಾತ್ಕಾಲಿಕ ಹಲ್ಲಿನಲ್ಲೇ ವಾಪಸ್ ಬಂದರು. ಏಳನೇ ವಾರ ಹಲ್ಲಿನ ಸಾಲು ನಡುವೆ ಬಿರುಕು ಬಿಟ್ಟಿತು. ಇಲ್ಲಿ ಮೂರು ಕಡೆ ಹೋದೆವು. ಯಾವ ಕಂಪನಿಯ ಇಂಪ್ಲಾಂಟ್, ಯಾವ ಸೈಜ್, ಯಾವ ಸ್ಕ್ರೂ ಅಂತ ಕೇಳಿದರು, ನಮ್ಮ ಹತ್ತಿರ ಉತ್ತರ ಇಲ್ಲ. ಪ್ರತಿ ಕಂಪನಿಯ ಸ್ಕ್ರೂ ತಿರುಗಿಸುವ ಕೀಲಿ ಬೇರೆ ಬೇರೆಯಂತೆ, ಅದಿಲ್ಲದೆ ಬಿಚ್ಚಲೂ ಆಗುವುದಿಲ್ಲ. ಬೆಂಗಳೂರಿಗೆ ಮೇಲ್ ಮಾಡಿ, ಅಲ್ಲಿಂದ ಸ್ಟಿಕ್ಕರ್ ಫೋಟೋ ತರಿಸಿ, ಹತ್ತು ದಿನ ಬರೀ ಸೂಪು.

ಹಾಗಾಗಿ ಸರ್, ನಿಮ್ಮ ಫೈಲಿನಲ್ಲಿ ಇಂಪ್ಲಾಂಟ್ ಕಾರ್ಡ್ ಇದೆಯಾ ನೋಡಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಇರುವ ಸ್ಟಿಕ್ಕರನ್ನು ಅದಕ್ಕೆ ಅಂಟಿಸಿ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ದಂತಕಥೆ · ಮಂಗಳವಾರ, ಬೆಳಗ್ಗೆ 10.30
ಕನ್ನಡತಿ ಮೇಡಂ ಹೇಳಿದ್ದಕ್ಕೆ ನನ್ನ ಎರಡು ಓಟು. ಹೊರದೇಶದಿಂದ ಬರುವವರು ಎರಡು ಸಲ ಬರುವ ಲೆಕ್ಕ ಇಟ್ಟುಕೊಂಡೇ ಬರಬೇಕು, ಇಂಪ್ಲಾಂಟಿಗೆ ಒಮ್ಮೆ, ಕೊನೆಯ ಹಲ್ಲಿಗೆ ಇನ್ನೊಮ್ಮೆ.

ತುಮಕೂರು ಸೊಸೆ · ಮಂಗಳವಾರ, ಬೆಳಗ್ಗೆ 11.15
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆಗೆ 71, ಕೆಳಗೆ ಒಂದೂ ಹಲ್ಲಿಲ್ಲ, ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ಇದೆ. ಡಾಕ್ಟರ್ ಎರಡೇ ಇಂಪ್ಲಾಂಟ್ ಹಾಕಿ ಅದರ ಮೇಲೆ ತೆಗೆದು ಹಾಕುವ ಸೆಟ್ಟು ಗುಂಡಿಯ ಹಾಗೆ ಕೂರುತ್ತದೆ ಅಂದಿದ್ದಾರೆ. ನಾದಿನಿ ‘ಅದು ಬಡವರ ಇಂಪ್ಲಾಂಟ್, ನಾಲ್ಕು ಹಾಕಿಸಿ’ ಅನ್ನುತ್ತಾಳೆ, ದುಡ್ಡು ಮಾತ್ರ ನಾವು ಕೊಡಬೇಕು. ಮಾತ್ರೆಯನ್ನು ನಾಲ್ಕು ದಿನ ಮುಂಚೆ ನಿಲ್ಲಿಸಿ ಅಂತ ಪಕ್ಕದ ಮೆಡಿಕಲ್ ಅಂಗಡಿಯವರು ಹೇಳಿದರು.

ದಂತಕಥೆ · ಮಂಗಳವಾರ, ಮಧ್ಯಾಹ್ನ 1.40
ಅಂಗಡಿಯವರ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ. ಹೃದಯದ ಡಾಕ್ಟರ್ ಮತ್ತು ಹಲ್ಲಿನ ಡಾಕ್ಟರ್ ಇಬ್ಬರೂ ಮಾತಾಡಿ ಹೇಳಬೇಕಾದ್ದು ಅದು. ಒಸಡಿನ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು, ಹೃದಯದಲ್ಲಿ ಗಡ್ಡೆ ಕಟ್ಟಿದರೆ ಏನು ಒತ್ತುವುದು? ಸಕ್ಕರೆಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ. ಹತೋಟಿಯಲ್ಲಿದ್ದರೆ ಇಂಪ್ಲಾಂಟ್‌ಗೆ ಅಡ್ಡಿ ಇಲ್ಲ. ಎಲುಬು ಸವೆತಕ್ಕೆ ಅಂತ ವಾರದ ಮಾತ್ರೆ ಅಥವಾ ವರ್ಷದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ಅದು ಇದ್ದರೆ ದವಡೆ ಎಲುಬು ಮಾಯದೇ ಉಳಿಯುವ ಅಪಾಯ ಇದೆ.

ಎರಡು ಇಂಪ್ಲಾಂಟ್ ಬಡವರದ್ದು ಅನ್ನುವುದು ತಪ್ಪು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಪೂರ್ತಿ ಹಲ್ಲು ಹೋದ ಕೆಳದವಡೆಗೆ ಮೊದಲ ಆಯ್ಕೆ ಎರಡು ಇಂಪ್ಲಾಂಟಿನ ಸೆಟ್ಟೇ ಆಗಬೇಕು ಅಂತ ಹೇಳಿದ್ದಾರೆ. ವಯಸ್ಸಾದವರಿಗೆ ತೆಗೆದು ತೊಳೆಯಲು ಸುಲಭ. ಒಳಗಿನ ನೈಲಾನ್ ಟೋಪಿ ಸವೆಯುತ್ತದೆ, ಆಗಾಗ ಬದಲಿಸಬೇಕು, ಅಷ್ಟೇ. ಆಪರೇಷನ್ ಆದಮೇಲೆ ಹಳೇ ಸೆಟ್ಟನ್ನು ಒಳಗೆ ಕೊರೆದು ಮೆತ್ತನೆಯ ಪದರ ಹಾಕಿ ಕೊಡುವವರೆಗೆ ಹಾಕಿಕೊಳ್ಳಬಾರದು. ಅತ್ತೆ ಒಪ್ಪುವುದಿಲ್ಲ, ಯಾರಾದರೂ ಮನೆಗೆ ಬಂದರೆ ಹಾಕಿಕೊಂಡು ಬಿಡುತ್ತಾರೆ. ಸೆಟ್ಟನ್ನು ನೀವು ಎತ್ತಿಡಿ.

ತುಮಕೂರು ಸೊಸೆ · ಮಂಗಳವಾರ, ಮಧ್ಯಾಹ್ನ 1.52
ನಾನು ಎತ್ತಿಟ್ಟರೆ ಮನೆಯಲ್ಲಿ ಮಹಾಭಾರತ. ನಾದಿನಿಗೇ ಹೇಳುತ್ತೇನೆ.

ಮಂಡ್ಯ ಮುದ್ದೆ · ಮಂಗಳವಾರ, ಮಧ್ಯಾಹ್ನ 2.15
ಇಂಪ್ಲಾಂಟ್ ಎಲ್ಲರಿಗೂ ಆಗುವ ಮಾತಲ್ಲ ಬಿಡಿ. ನಮ್ಮ ದೊಡ್ಡಪ್ಪನಿಗೆ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ಟು ಉಚಿತವಾಗಿ ಮಾಡಿಸಿಕೊಟ್ಟೆವು, ಬಿಪಿಎಲ್ ಕಾರ್ಡ್ ಇತ್ತು. ಇಂಪ್ಲಾಂಟ್ ಅದರಲ್ಲಿ ಇರಲಿಲ್ಲ, ತೆಗೆದು ಹಾಕುವುದಷ್ಟೇ. ದೊಡ್ಡಪ್ಪ ಅದನ್ನು ಊರಿಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಫೋಟೋ ತೆಗೆಯುವಾಗ ಹಾಕಿಕೊಳ್ಳುತ್ತಾರೆ, ಊಟಕ್ಕೆ ತೆಗೆದಿಡುತ್ತಾರೆ. ಎಂಜಿನಿಯರ್ ಕೇಳಿದ ಫೋಟೋ ಹಲ್ಲು ಅದೇ.

ಕೆಳಗಿನ ಸೆಟ್ಟು ಮಾತ್ರ ಯಾವಾಗಲೂ ಸಡಿಲ. ಮೇಲಿನದು ಗಟ್ಟಿ. ಯಾಕೆ ಡಾಕ್ಟ್ರೇ?

ದಂತಕಥೆ · ಮಂಗಳವಾರ, ಮಧ್ಯಾಹ್ನ 2.40
ಮೇಲಿನದು ಅಂಗುಳಕ್ಕೆ ಗಾಳಿ ಬಿಡದೆ ಅಂಟಿಕೊಳ್ಳುತ್ತದೆ. ಕೆಳಗೆ ಆ ಜಾಗದಲ್ಲಿ ನಾಲಿಗೆ ಇದೆ, ಅದು ಒದೆಯುತ್ತಲೇ ಇರುತ್ತದೆ. ಜೊತೆಗೆ ಹಲ್ಲು ಹೋದ ಮೇಲೆ ಕೆಳದವಡೆಯ ಎಲುಬು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ಸವೆಯುತ್ತದೆ. ಸೆಟ್ಟು ಮಾಡಿಸಿ ವರ್ಷಗಟ್ಟಲೆ ಅದೇ ಸೈಜಿನಲ್ಲಿ ಕೂರಬೇಕು ಅಂದರೆ ಹೇಗೆ?

ಗಂಜಿ ಗಿರಾಕಿ · ಮಂಗಳವಾರ, ಸಂಜೆ 4.30
ಹಲ್ಲಿಲ್ಲದ ನಮ್ಮ ಅಜ್ಜ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನ ಮಲಗಿದರೆ ಚಾವಡಿಯಿಂದ ಟಣ್ ಟಣ್. ಆ ಕಬ್ಬಿಣದ ಕುಟ್ಟಾಣಿ ಈಗ ನಮ್ಮ ಮನೆಯಲ್ಲಿ ಶುಂಠಿ ಏಲಕ್ಕಿ ಕುಟ್ಟುತ್ತದೆ.

ಕ್ವಿಜ್ ಮೇಷ್ಟ್ರು · ಮಂಗಳವಾರ, ಸಂಜೆ 4.45
ಜಡಿಮಳೆ ಅವರೇ, ಸಾಗರದವರು ಅಂದಮೇಲೆ ಕೇಳಲೇಬೇಕು. ಎಲೆ ಅಡಿಕೆ ಕವಳ?

ಜಡಿಮಳೆ · ಮಂಗಳವಾರ, ಸಂಜೆ 5.10
ಬಿಟ್ಟು ನಾಲ್ಕು ವರ್ಷ. ಬಿಡದಿದ್ದರೆ ಇಂಪ್ಲಾಂಟ್ ಹಾಕುವುದಿಲ್ಲ ಅಂತ ಡಾಕ್ಟರ್ ಹೇಳುತ್ತಿದ್ದರೇನೋ. ತಂಬಾಕು ಹಾಕಿ ಜಗಿದವರ ಒಸಡು ಬೇಗ ಮಾಯುವುದಿಲ್ಲ ಅಂದರು.

ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಶಿವಮೊಗ್ಗದಲ್ಲಿ ಪರಿಚಯದ ಹಲ್ಲಿನ ಡಾಕ್ಟರ್ ಹತ್ತಿರ ತೋರಿಸಲಾ ಅಂತ ಕೇಳಿದೆ. ಶಿವಮೊಗ್ಗದವರ ಹತ್ತಿರ ನನ್ನ ಇಂಪ್ಲಾಂಟ್ ಕಂಪನಿಯ ಕೀಲಿ ಇಲ್ಲ. ಕನ್ನಡತಿ ಮೇಡಂ ಹೇಳಿದ್ದು ಇಲ್ಲೇ ನಮ್ಮ ಕಡೆಯೇ ನಿಜವಾಯಿತು. ಇವತ್ತು ರಾತ್ರಿ ರೈಲು ಹತ್ತುತ್ತಿದ್ದೇನೆ.

ನಿದ್ದೆಗಣ್ಣು · ಮಂಗಳವಾರ, ಸಂಜೆ 5.12
ರೈಲಿನಲ್ಲಿ ಚುರುಮುರಿ ಬರುತ್ತದೆ, ಹುಷಾರು.

ರೊಟ್ಟಿ ಬುತ್ತಿ · ಮಂಗಳವಾರ, ಸಂಜೆ 5.20
ಎರಡು ದಿಂಬು ಇಟ್ಟುಕೊಂಡು ತಲೆ ಎತ್ತರ ಮಾಡಿ ಮಲಗಿ. ಮತ್ತೆ ಸ್ಟ್ರಾ ಹಾಕಿ ಜ್ಯೂಸ್ ಹೀರಬೇಡಿ, ಲೋಟದಲ್ಲೇ ಕುಡಿಯಿರಿ.

ಜಡಿಮಳೆ · ಗುರುವಾರ, ರಾತ್ರಿ 8.30
ಬಂದೆ. ಎಲ್ಲರಿಗೂ ಥ್ಯಾಂಕ್ಸ್, ವಿಶೇಷವಾಗಿ ದಂತಕಥೆ ಡಾಕ್ಟರಿಗೆ.

ಎಡಗಡೆ ಹಿಂದಿನ ಸ್ಕ್ರೂ ಸಡಿಲ ಆಗಿತ್ತು. ಅದರ ಮೇಲಿನ ಗುಲಾಬಿ ಬಣ್ಣದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಸಾಲನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಹನ್ನೆರಡು ಹಲ್ಲು ಕಾಗದದ ಮೇಲೆ ನಗುತ್ತಾ ಕೂತಿದ್ದವು, ಅವು ನನ್ನವು ಅಂತ ನಂಬಲು ಆಗಲಿಲ್ಲ. ಬಾಯಲ್ಲಿ ನಾಲ್ಕು ಲೋಹದ ಮೊಳಕೆ ಮಾತ್ರ. ಒಂದೊಂದನ್ನೂ ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. ನಾಲ್ಕೂ ಗಟ್ಟಿ ಇವೆ. ಬಿರುಕು ತುಂಬಿಸಿ, ಕೆಂಪು ಕಾಗದ ಕಚ್ಚಿಸಿ, ಎಡಗಡೆ ಜಾಸ್ತಿ ತಾಗುತ್ತಿದ್ದ ಕಡೆ ಸ್ವಲ್ಪ ಉಜ್ಜಿ ಮತ್ತೆ ಬಿಗಿದರು. ಸದ್ದು ಹೋಯಿತು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಇಂಪ್ಲಾಂಟೇ ಅಲ್ಲಾಡುತ್ತಿತ್ತು ಅಂದರು. ಡಾಕ್ಟರ್ ಬೈಯಲಿಲ್ಲ. ಮಗಳು ಬೈದಳು.

ಊಟಕ್ಕೆ ಒಂದು ಲೆಕ್ಕ ಹೇಳಿಕೊಟ್ಟರು. ಎರಡು ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವುದನ್ನು ಮಾತ್ರ ತಿನ್ನಬೇಕು, ಮೂರು ತಿಂಗಳು. ಈಗ ತಟ್ಟೆಗೆ ಏನು ಬಂದರೂ ಇವಳು ಮೊದಲು ಹಿಸುಕಿ ನೋಡುತ್ತಾಳೆ.

ಇನ್ನೊಂದು ಸಣ್ಣ ತೊಂದರೆ. ‘ಸ’ ಅಂದರೆ ಸೀಟಿ ಹೊಡೆಯುತ್ತದೆ. ನನ್ನ ಊರೇ ಸಾಗರ.

ಎಂಜಲು ಎಂಜಿನಿಯರ್ · ಗುರುವಾರ, ರಾತ್ರಿ 8.50
ದಿನಾ ಹತ್ತು ಸಲ ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು’ ಹೇಳಿ. ನಾಲಿಗೆ ದಾರಿಗೆ ಬರುತ್ತದೆ.

ಕ್ವಿಜ್ ಮೇಷ್ಟ್ರು · ಗುರುವಾರ, ರಾತ್ರಿ 8.58
ಅದರಲ್ಲಿ ಒಂದೂ ‘ಸ’ ಇಲ್ಲವಲ್ಲ ಸ್ವಾಮಿ! ಸಮಸ್ಯೆ ಸಕಾರದ್ದು, ನೀವು ರಕಾರಕ್ಕೆ ಔಷಧಿ ಕೊಡುತ್ತಿದ್ದೀರಿ. ಅರವತ್ತರಿಂದ ಎಪ್ಪತ್ತರವರೆಗೆ ಎಣಿಸುವುದೂ ಪ್ರಯೋಜನ ಇಲ್ಲ, ಕನ್ನಡದಲ್ಲಿ ಅಲ್ಲೂ ‘ಸ’ ಇಲ್ಲ. ಸಾವಿರದಿಂದ ಶುರು ಮಾಡಿ. ಇಲ್ಲದಿದ್ದರೆ ದಿನಾ ಪೇಪರ್ ಸಂಪಾದಕೀಯ ಗಟ್ಟಿಯಾಗಿ ಓದಿ.

ಗಂಜಿ ಗಿರಾಕಿ · ಗುರುವಾರ, ರಾತ್ರಿ 9.05
ಅಮ್ಮನಿಗೂ ಹೀಗೇ ಆಗಿತ್ತು, ವಿಷ್ಣು ಸಹಸ್ರನಾಮ ಓದಿ ಓದಿ ಸರಿ ಹೋಯಿತು. ಮೂರು ವಾರ ಬೇಕಾಯಿತು. ಮೊದಲ ವಾರ ಪಕ್ಕದ ಮನೆಯ ನಾಯಿ ಓಡಿ ಬರುತ್ತಿತ್ತು, ಅಷ್ಟು ಸೀಟಿ.

ಹರಟೆಕಟ್ಟೆ · ಗುರುವಾರ, ರಾತ್ರಿ 9.40
ನನಗೂ ಹೋದ ತಿಂಗಳು ಕೆಳಗೆ ಎರಡು ಹಾಕಿದ್ದಾರೆ. ಕೆಳದುಟಿ ಮತ್ತು ಗದ್ದ ಬಲಗಡೆ ಇನ್ನೂ ಜೋಮು ಹಿಡಿದ ಹಾಗಿದೆ. ಅರಿವಳಿಕೆ ಇಳಿದಿಲ್ಲ ಅಂದುಕೊಂಡಿದ್ದೇನೆ. ಮೂರು ವಾರ ಆಯಿತು. ಏರ್‌ಪೋರ್ಟಲ್ಲಿ ಇಂಪ್ಲಾಂಟ್ ಕುಯ್ಯ್ ಅನ್ನುತ್ತಾ?

ದಂತಕಥೆ · ಗುರುವಾರ, ರಾತ್ರಿ 9.55
ಏರ್‌ಪೋರ್ಟಿನದು ಬಿಡಿ, ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಜೋಮಿನ ವಿಷಯ ಹಾಗೆ ಬಿಡಬೇಡಿ. ಅರಿವಳಿಕೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಮೂರು ವಾರ ಇರುವುದಿಲ್ಲ. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇದೆ, ಇಂಪ್ಲಾಂಟ್ ಅದನ್ನು ಒತ್ತುತ್ತಿದೆಯಾ ಅಂತ ಮೂರು ಆಯಾಮದ ಸ್ಕ್ಯಾನ್ ಮಾಡಿ ನೋಡಬೇಕು. ಮೊದಲ ದಿನವೇ ಹೇಳಬೇಕಿತ್ತು. ನಾಳೆ ಬೆಳಗ್ಗೆಯೇ ಹೋಗಿ.

ಹರಟೆಕಟ್ಟೆ · ಗುರುವಾರ, ರಾತ್ರಿ 10.01
ಸರಿ ಡಾಕ್ಟ್ರೇ. ಹೋಗುತ್ತೇನೆ.

ಜಡಿಮಳೆ · ಆರು ವಾರ ಬಿಟ್ಟು, ಭಾನುವಾರ ರಾತ್ರಿ 9.10
ಗೃಹಪ್ರವೇಶ ಚೆನ್ನಾಗಿ ಆಯಿತು. ಯಾರಾದರೂ ಕೇಳುತ್ತೀರಿ ಅಂತ ಬರೆಯುತ್ತಿದ್ದೇನೆ. ಸಂಡಿಗೆ, ಹಪ್ಪಳ, ಕೋಸಂಬರಿ ಮೂರೂ ಎಲೆಯ ಮೇಲೆ ಹಾಗೇ ಬಿಟ್ಟೆ. ಬಡಿಸುವ ಹುಡುಗ ಪ್ರತಿ ಸಲ ಬಂದು ‘ಹಪ್ಪಳ ಸರ್’ ಅನ್ನುತ್ತಿದ್ದ, ಎದುರಿನ ಸಾಲಿನಿಂದ ಇವಳು ಕಣ್ಣು ಬಿಡುತ್ತಿದ್ದಳು. ಬೇಳೆ ಹೋಳಿಗೆ ಒಂದನ್ನು ಹರಿದು ನೆನೆಸಿ, ಎರಡು ಬೆರಳಲ್ಲಿ ಹಿಸುಕಿ ನೋಡಿ ತಿಂದೆ. ಸಾರಿನ ಉಪ್ಪೂ ಈಗ ಗೊತ್ತಾಗುತ್ತಿದೆ.

ಹರಟೆಕಟ್ಟೆಯವರೇ, ನಿಮ್ಮ ತುಟಿ ಏನಾಯಿತು?

ಹರಟೆಕಟ್ಟೆ · ಭಾನುವಾರ, ರಾತ್ರಿ 9.25
ಸ್ಕ್ಯಾನ್ ಆಯಿತು ಸರ್. ಒಂದು ಇಂಪ್ಲಾಂಟ್ ತೆಗೆದು ಗಿಡ್ಡದ್ದು ಹಾಕುವುದಕ್ಕೆ ಕಾಯುತ್ತಿದ್ದೇವೆ. ಅರ್ಧ ಜೋಮು ಬಿಟ್ಟಿದೆ. ಶೇವ್ ಮಾಡುವಾಗ ಈಗ ಬ್ಲೇಡು ಗೊತ್ತಾಗುತ್ತದೆ.

ರೊಟ್ಟಿ ಬುತ್ತಿ · ಭಾನುವಾರ, ರಾತ್ರಿ 9.30
ಜಡಿಮಳೆ ಸರ್, ಹೋಳಿಗೆ ನೆನೆಸಿದ್ದು ಹಾಲಿನಲ್ಲೋ ತುಪ್ಪದಲ್ಲೋ?

ಜಡಿಮಳೆ · ಭಾನುವಾರ, ರಾತ್ರಿ 9.33
ಎರಡರಲ್ಲೂ.